ಸುಗಂಧವರ್ತಿಯ ಚೈತ್ರೋತ್ಸವ

ಋತುಗಳಲ್ಲಿ ವಸಂತವೇ ಶ್ರೇಷ್ಠವೆಂದು ಕವಿಗಳೆಲ್ಲರೂ ಒಕ್ಕೊರಲಿನಿಂದ ಹೇಳುತ್ತ ಬಂದಿರುವರು. ಆದರೆ ಜನರು ವಸಂತವನ್ನು ಉತ್ಸವವನ್ನಾಗಿ ಆಚರಿಸುವುದಕ್ಕೆ ಕವಿವಾಣಿಯೊಂದೇ ಕಾರಣವಲ್ಲ. ಮಲಪ್ರಭೆಯ ಸೀಮೆಯ ಎರೆಯ ಹೊಲಗಳಲ್ಲಿ ಹಿಂಗಾರಿಯ ಜೋಳ, ಗೋದಿ, ಕಡಲೆಗಳ ಸುಗ್ಗಿಯು ಮಾಘ ಫಾಲ್ಗುಣಗಳಲ್ಲಿ ತೀರುತ್ತದೆ. ಕಣದ ಕಾಳು ಮನೆಯನ್ನು ಸೇರುತ್ತದೆ. ಮುಂಗಾರಿಯ ಬಿತ್ತಿಗೆಗೆ ಇನ್ನೂ ಕೆಲವು ವಾರಗಳ ಅವಕಾಶವಿರುತ್ತದೆ. ಕೈಗೆ ಬಿಡುವು, ಮನೆಯಲ್ಲಿ ಧಾನ್ಯ, ಮರದಲ್ಲಿ ಬೇವಿನ ಹೂವು, ಇರುಳಿನಲ್ಲಿ ತಿಳಿಯಾದ ಬೆಳದಿಂಗಳು: ಇವು ನಾಲ್ಕೂ ಒಂದುಗೂಡುವ ಕಾಲವು ವರ್ಷದಲ್ಲಿ ಇದೊಂದೇ. ಆದುದರಿಂದಲೇ ಹೋಳಿಯ ಹುಣ್ಣಿಮೆಯಿಂದ ಮೊದಲಾಗಿ ಯುಗಾದಿಯನ್ನು ದಾಟಿ ದವನದ ಹುಣ್ಣಿಮೆಯವರೆಗಿನ ಒಂದು ತಿಂಗಳು ಈ ಸೀಮೆಯಲ್ಲಿ ಹಬ್ಬಗಳ ತಿಂಗಳಾಗಿರುತ್ತದೆ. ಈ ಬಿಡುವಿನ ದಿನಗಳಿಗೆ ಸವದತ್ತಿಯಂತಹ ಪ್ರಾಚೀನ ಪಟ್ಟಣದಲ್ಲಿ ದೀರ್ಘವಾದ ಇತಿಹಾಸವುಂಟು. ಆ ಇತಿಹಾಸವನ್ನು ಅವಲೋಕಿಸಿದರೆ ವಸಂತೋತ್ಸವದ ಅಂತರಂಗವು ಯಾವುದು, ಅದು ಎಲ್ಲಿ ಸಫಲವಾಯಿತು, ಎಲ್ಲಿ ಕುಂದಿತು ಎಂಬುದು ತಾನಾಗಿಯೇ ಗೋಚರವಾಗುವುದು.

ಮೊದಲು ಶಾಸ್ತ್ರದ ಮಾತನ್ನು ನೋಡಬೇಕು. ಪೂರ್ವಮೀಮಾಂಸೆಯಲ್ಲಿ ಹೋಲಾಕಾಧಿಕರಣವೆಂಬ ಒಂದು ಪ್ರಸಿದ್ಧ ವಿಚಾರವಿದೆ. ಹೋಲಾಕೆಯೆಂಬ ವಸಂತಾಚರಣೆಯನ್ನು ಪ್ರಾಚ್ಯರು ಮಾತ್ರವೇ ಆಚರಿಸುವುದು ಕಂಡುಬರುತ್ತದೆ. ಹೀಗಿರಲು ಅದು ಪ್ರಾಚ್ಯರಿಗಷ್ಟೇ ವಿಹಿತವೋ, ಸರ್ವರಿಗೂ ವಿಹಿತವೋ ಎಂಬುದು ಅಲ್ಲಿಯ ಸಂಶಯ. ಒಂದು ದಿಕ್ಕಿನವರು ಆಚರಿಸುತ್ತಿರುವರೆಂಬ ಮಾತ್ರದಿಂದ ಧರ್ಮವು ಆ ದಿಕ್ಕಿಗೇ ಕಟ್ಟುಬೀಳಲಾರದು, ಅದು ಸರ್ವಸಾಧಾರಣವೆಂದೇ ಭಾವಿಸತಕ್ಕದ್ದು ಎಂಬುದು ಸಿದ್ಧಾಂತ. ಮೀಮಾಂಸಕರು ಹಬ್ಬದ ಸೊಗಸನ್ನು ವರ್ಣಿಸಲು ಹೊರಟವರಲ್ಲ; ವಿಧಿಯ ವ್ಯಾಪ್ತಿಯನ್ನು ನಿರ್ಣಯಿಸಲು ಹೊರಟವರು. ಆದರೂ ಅವರು ಆಯ್ದುಕೊಂಡ ಉದಾಹರಣೆಯು ಹೋಳಿಯೇ ಆದುದು ಗಮನಾರ್ಹವಾಗಿದೆ. ವಸಂತದ ಹಬ್ಬವು ಎಲ್ಲರದು ಎಂಬ ತೀರ್ಪು ಶಾಸ್ತ್ರಪೀಠದಿಂದಲೇ ಹೊರಟಂತಾಯಿತು.

ಕಾವ್ಯದಲ್ಲಿಯೂ ಇದೇ ಭಾವವು ಕಾಣುತ್ತದೆ. ಶ್ರೀಹರ್ಷನ ರತ್ನಾವಳೀ ನಾಟಿಕೆಯು ಮದನಮಹೋತ್ಸವದ ದೃಶ್ಯದಿಂದ ಆರಂಭವಾಗುತ್ತದೆ. ಕೌಶಾಂಬಿಯ ಪೌರರು ಬೀದಿಬೀದಿಗಳಲ್ಲಿ ಸುಗಂಧಚೂರ್ಣವನ್ನು ಎರಚುತ್ತ, ಕೊಳವೆಗಳಿಂದ ನೀರನ್ನು ಚಿಮ್ಮಿಸುತ್ತ ಮೈಮರೆತಿರಲು, ಉದಯನ ಮಹಾರಾಜನು ಅರಮನೆಯ ಮೇಲಿನಿಂದ ಅದನ್ನು ನೋಡಿ ಸಂತೋಷಪಡುವನು. ರಾಣಿ ವಾಸವದತ್ತೆಯು ಉದ್ಯಾನದಲ್ಲಿ ಅಶೋಕವೃಕ್ಷದ ಬುಡದಲ್ಲಿ ಕಾಮದೇವನನ್ನು ಪೂಜಿಸುವಳು. ಈ ಹರ್ಷನನ್ನೇ ಬಾದಾಮಿಯ ಚಾಲುಕ್ಯ ಇಮ್ಮಡಿ ಪುಲಕೇಶಿಯು ದಕ್ಷಿಣಕ್ಕೆ ಬರಗೊಡದೆ ತಡೆದನೆಂಬುದು ಕ್ರಿ.ಶ. ೬೩೪ರ ಐಹೊಳೆಯ ಶಾಸನದಿಂದ ವಾಚಕರಿಗೆ ವಿದಿತವೇ ಇದೆ. ಹರ್ಷನ ಸೈನ್ಯವು ದಾಟಲಾರದ ಎಲ್ಲೆಯನ್ನು ಹರ್ಷನ ನಾಟಿಕೆಯು ನಿರಾಯಾಸವಾಗಿ ದಾಟಿತು. ಅದೇ ಮಲಪ್ರಭೆಯ ದಡದ ಪಾಠಶಾಲೆಗಳಲ್ಲಿ ಶಿಷ್ಯರು ಆ ನಾಟಿಕೆಯನ್ನು ಆದರದಿಂದ ಓದುತ್ತ ಬಂದರು.

ಇನ್ನು ಸವದತ್ತಿಯ ಕಡೆಗೆ ತಿರುಗೋಣ. ಶಾಸನಗಳಲ್ಲಿ ಈ ಪಟ್ಟಣದ ಹೆಸರು ಸುಗಂಧವರ್ತಿ. ಸವಂಧವತ್ತಿಯೆಂಬ ತದ್ಭವರೂಪವೂ ಅಲ್ಲಿಯೇ ದೊರೆಯುತ್ತದೆ. ಸವದತ್ತಿಯೆಂಬ ಇಂದಿನ ಹೆಸರು ಅದರ ಸವೆದ ರೂಪವೆಂಬುದರಲ್ಲಿ ಸಂದೇಹವಿಲ್ಲ. ಹನ್ನೆರಡು ಹಳ್ಳಿಗಳ ಒಂದು ಸಣ್ಣ ವಿಭಾಗಕ್ಕೆ ಇದು ಮುಖ್ಯಸ್ಥಳವಾಗಿದ್ದಿತು. ಕೂಂಡಿ ಮೂರುಸಾಸಿರವನ್ನು ಆಳಿದ ರಟ್ಟರು ಇದನ್ನು ರಾಜಧಾನಿಯನ್ನಾಗಿ ಮಾಡಿಕೊಂಡಿದ್ದು, ತರುವಾಯ ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ತೆರಳಿದರು. ಈ ವಂಶದ ಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟರು ಸಂಗ್ರಹಿಸಿ ಮುಂಬಯಿಯ ಏಶಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಶಕ ೯೦೨ರಲ್ಲಿ, ಎಂದರೆ ಕ್ರಿ.ಶ. ೯೮೦ರಲ್ಲಿ, ಪೃಥ್ವೀರಾಮನ ವಂಶದ ಶಾಂತಿವರ್ಮನು ಸುಗಂಧವರ್ತಿಯಲ್ಲಿ ತಾನು ಕಟ್ಟಿಸಿದ ಜಿನಾಲಯಕ್ಕೆ ೧೫೦ ಮತ್ತರು ಭೂಮಿಯನ್ನು ದತ್ತಿಕೊಟ್ಟನು. ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಇಮ್ಮಡಿ ಲಕ್ಷ್ಮೀದೇವನ ಕಾಲಕ್ಕೆ, ರಾಜಗುರುವೂ ರಾಜ್ಯಕಾರ್ಯಧುರಂಧರನೂ ಆಗಿದ್ದ ಮುನಿಚಂದ್ರನ ಹೆಸರನ್ನು ಹೊತ್ತ ಶಾಸನವೂ ಇದೇ ಊರಿನದು. ಜೈನಬಸದಿಯೂ ಶಿವಾಲಯವೂ ಒಂದೇ ಊರಿನಲ್ಲಿ ಒಂದೇ ಮನೆತನದ ಆಶ್ರಯದಲ್ಲಿ ಬೆಳೆದುವು.

ಈ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ಒಂದು ಪದವು ಪದೇ ಪದೇ ಎದುರಾಗುತ್ತದೆ, ಅದು 'ಚೈತ್ರಪವಿತ್ರ'. ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ಗುಡಿಯ ಜೀರ್ಣೋದ್ಧಾರಕ್ಕೆ, ತಪೋಧನರ ಆಹಾರದಾನಕ್ಕೆ ಎಂದು ದತ್ತಿಯ ಉದ್ದೇಶಗಳನ್ನು ಎಣಿಸುವಾಗ, ಅವುಗಳ ಸಾಲಿನಲ್ಲಿ ಚೈತ್ರಪವಿತ್ರಕ್ಕೆ ಎಂದೂ ಬರೆದಿರುವರು. ಇವು ಎರಡು ಪರ್ವಗಳು. ಪವಿತ್ರವೆಂಬುದು ಮಳೆಗಾಲದಲ್ಲಿ ದೇವರಿಗೆ ನೂಲಿನ ಪವಿತ್ರಮಾಲೆಯನ್ನು ಏರಿಸುವ ವಿಧಿ. ಚೈತ್ರವೆಂಬುದು ವಸಂತದಲ್ಲಿ ದಮನಕವನ್ನು ಏರಿಸುವ ವಿಧಿ. ಸಂಸ್ಕೃತದ ಈ ದಮನಕವೇ ಕನ್ನಡದ ದವನ. ಕಮಲಾಕರಭಟ್ಟನು ೧೬೧೨ರಲ್ಲಿ ರಚಿಸಿದ ನಿರ್ಣಯಸಿಂಧುವಿನಲ್ಲಿ ಚೈತ್ರಮಾಸದ ದಮನೋತ್ಸವದ ವಿಚಾರವಿದೆ. ಯಾವ ದೇವರಿಗೆ ಯಾವ ತಿಥಿಯೆಂಬುದನ್ನು ನಿಬಂಧಕಾರರು ಬೇರೆ ಬೇರೆಯಾಗಿ ಹೇಳಿರುವರು. ಬೂದುಹಸಿರು ಬಣ್ಣದ, ಎಲೆಯನ್ನು ಮುಟ್ಟಿದರೆ ಕೈಯೆಲ್ಲ ಕಂಪಿಡುವ ಈ ಪುಟ್ಟ ಗಿಡವು ಒಣಗಿದ ಮೇಲೂ ಪರಿಮಳವನ್ನು ಬಿಡದು. ಬಿಸಿಲೇರಿ ಹೂಗಳೆಲ್ಲ ಬಾಡುವ ದಿನಗಳಲ್ಲಿ ದೇವರಿಗೆ ಇದನ್ನು ಆಯ್ದುದು ವಿವೇಕವೇ ಸರಿ.

ಇಲ್ಲಿ ಚಿಂತಿಸತಕ್ಕ ಸಂಗತಿಯೊಂದಿದೆ. ವಸಂತೋತ್ಸವವು ಆ ಕಾಲದಲ್ಲಿ ಜನರು ಮನಬಂದಾಗ ಮಾಡಿ ಮನಬಂದಾಗ ಬಿಡುವ ವಿನೋದವಾಗಿರಲಿಲ್ಲ. ಅದಕ್ಕೆ ಭೂಮಿಯನ್ನು ಬಿಟ್ಟಿದ್ದರು. ಅರಸನು ಹೊಲವನ್ನು ಕೊಟ್ಟರೆ, ಗಾಣಿಗರು ಎಣ್ಣೆಯನ್ನೂ, ಎಲೆಯ ವ್ಯಾಪಾರಿಗಳು ವೀಳೆಯವನ್ನೂ, ಸೆಟ್ಟಿಗಳು ಹೇರಿಗಿಷ್ಟು ಎಂದು ಆಯವನ್ನೂ ಗುಡಿಗಳಿಗೆ ಕೊಡುವ ಪದ್ಧತಿಯು ಕನ್ನಡ ನಾಡಿನ ಶಾಸನಗಳಲ್ಲಿ ವಿಪುಲವಾಗಿ ಕಂಡುಬರುತ್ತದೆ. ಊರಿನ ಸಂತೋಷವು ಊರಿನ ಸಮಸ್ತರ ಹೊಣೆಯಾಗಿದ್ದಿತು. ಗುಡಿಯ ಜೀರ್ಣೋದ್ಧಾರವೂ ಅನ್ನದಾನವೂ ಎಷ್ಟು ಅವಶ್ಯವೋ, ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಹರ್ಷಪಡುವುದೂ ಅಷ್ಟೇ ಅವಶ್ಯವೆಂದು ಆ ಹಿರಿಯರು ಬಗೆದಿದ್ದರು; ಕಲ್ಲಿನಲ್ಲಿ ಕೊರೆಯಿಸಿ, ಚಂದ್ರಸೂರ್ಯರು ಇರುವವರೆಗೆ ಅದು ನಡೆಯತಕ್ಕದ್ದೆಂದು ವಿಧಿಸಿದ್ದರು.

ಶಾಸನವು ದತ್ತಿಯ ಲೆಕ್ಕವನ್ನು ಹೇಳುವುದೇ ಹೊರತು ಜನರ ನಗೆಯನ್ನು ಬರೆದಿಡುವುದಿಲ್ಲ. ಅದನ್ನು ಗ್ರಂಥಗಳಲ್ಲಿ ಹುಡುಕಬೇಕು. ರಟ್ಟರು ಯಾವ ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದರೋ ಆ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸವೆಂಬ ಮಹಾಗ್ರಂಥವನ್ನು ರಚಿಸಿದನು. ಅದರ ಐದು ವಿಂಶತಿಗಳಲ್ಲಿ ಕೊನೆಯದು ಕ್ರೀಡೆಗಳಿಗೇ ಮೀಸಲಾಗಿದೆ. ಬೆಟ್ಟದಲ್ಲಿ ಆಡುವ ಭೂಧರಕ್ರೀಡೆ, ತೋಟದಲ್ಲಿ ಆಡುವ ವನಕ್ರೀಡೆ, ಉಯ್ಯಾಲೆಯ ಆಂದೋಲನಕ್ರೀಡೆ, ನೀರೆರಚುವ ಸೇಚನಕ್ರೀಡೆ, ಜಲದಲ್ಲಿ ಆಡುವ ತೋಯಕ್ರೀಡೆ, ಮರಳಿನಲ್ಲಿ ಆಡುವ ವಾಲುಕಾಕ್ರೀಡೆ, ಬೆಳದಿಂಗಳಿನಲ್ಲಿ ಆಡುವ ಜ್ಯೋತ್ಸ್ನಾಕ್ರೀಡೆ ಮೊದಲಾದುವು ಅಲ್ಲಿ ನಿರೂಪಿತವಾಗಿವೆ. ಸವದತ್ತಿಯ ಸುತ್ತಲಿನ ಗುಡ್ಡ, ಹೊಳೆ, ಮರಳುಗಳನ್ನು ಕಂಡವರಿಗೆ ಈ ಪಟ್ಟಿಯು ಪುಸ್ತಕದ ಮಾತಾಗಿ ತೋರದು. ಸೇಚನಕ್ರೀಡೆಯೇ ಇಂದಿನ ಓಕುಳಿಗೆ ಹಿರಿಯಕ್ಕ. ಕಾವ್ಯಕ್ಕೆ ಋತು, ಉದ್ಯಾನ, ಜಲಕ್ರೀಡೆಗಳ ವರ್ಣನೆ ಬೇಕೆಂದು ದಂಡಿಯು ವಿಧಿಸಿದುದನ್ನು ಕನ್ನಡದ ಚಂಪೂಕಾರರೂ ಪಾಲಿಸಿದರು. ರಟ್ಟರ ಆಸ್ಥಾನಕ್ಕೆ ಸೇರಿದ ಪಾರ್ಶ್ವಪಂಡಿತನು ಪಾರ್ಶ್ವನಾಥಪುರಾಣವನ್ನು ರಚಿಸಿದುದೂ ಆ ಸಂಪ್ರದಾಯದಲ್ಲಿಯೇ.

ಆದರೆ ಮಾನಸೋಲ್ಲಾಸದ ಕ್ರೀಡೆಗಳು ಅರಸನ ಕ್ರೀಡೆಗಳು; ಅಲ್ಲಿ ಪ್ರಜೆಗಳು ಕಾಣಿಸಿಕೊಳ್ಳುವುದು ವಿರಳ. ಸೇವುಣರ ಸಿಂಘಣನ ದಂಡನಾಯಕ ಬೀಚಣನು ರಟ್ಟರನ್ನು ಅಡಗಿಸಿ, ೧೨೩೮ರ ಹೊತ್ತಿಗೆ ಆ ಅರಸುತನವು ಕೊನೆಗಂಡಿತು. ಅಲ್ಲಿಂದ ಸುಮಾರು ಎರಡು ಶತಮಾನಗಳ ತರುವಾಯ ಕನ್ನಡ ನಾಡಿನ ಇನ್ನೊಂದು ರಾಜಧಾನಿಯಲ್ಲಿ ವಸಂತದ ಬೀದಿಯ ನಿಜವಾದ ಚಿತ್ರವು ದೊರೆಯುತ್ತದೆ. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ವಿಜಯನಗರವನ್ನು ಕಂಡ ವೆನಿಸ್ ಪಟ್ಟಣದ ವರ್ತಕ ನಿಕೊಲೊ ಕೊಂಟಿಯು ಅಲ್ಲಿಯ ಹಬ್ಬಗಳನ್ನು ಹೇಳುವಾಗ, ಮೂರು ದಿನಗಳವರೆಗೆ ಬೀದಿಯ ಪಕ್ಕದಲ್ಲಿ ಕೇಸರಿಬಣ್ಣದ ನೀರನ್ನು ಇಟ್ಟಿರುವರೆಂದೂ, ಹಾದುಹೋಗುವವರ ಮೇಲೆಲ್ಲ ಅದನ್ನು ಎರಚುವರೆಂದೂ, ರಾಜನನ್ನೂ ರಾಣಿಯನ್ನೂ ಸಹ ಬಿಡುವುದಿಲ್ಲವೆಂದೂ, ಎಲ್ಲರೂ ಅದನ್ನು ನಗುನಗುತ್ತ ಸ್ವೀಕರಿಸುವರೆಂದೂ ತಿಳಿಸಿರುವನು. ಹಂಪೆಯ ವಿರೂಪಾಕ್ಷನ ವಸಂತೋತ್ಸವವನ್ನೇ ವಸ್ತುವಾಗಿಟ್ಟುಕೊಂಡು ಅಹೋಬಲನೆಂಬ ಕವಿಯು ಒಂದು ಸಂಸ್ಕೃತ ಚಂಪುವನ್ನೂ ಬರೆದಿರುವನು. ಉದಯನನು ಅರಮನೆಯ ಮೇಲೆ ನಿಂತು ನೋಡಿದನು. ವಿಜಯನಗರದ ರಾಯನು ಬೀದಿಗಿಳಿದು ತೊಯ್ದನು. ಇವೆರಡರ ನಡುವಿನ ಅಂತರವು ಸಾಮಾನ್ಯವಾದುದಲ್ಲ. ಒಂದೇ ಬಣ್ಣದ ನೀರು ಅರಸನ ಪಟ್ಟೆಯನ್ನೂ ಹಮಾಲನ ಅರಿವೆಯನ್ನೂ ಸಮನಾಗಿ ನೆನೆಸಿದಾಗಲೇ ಮೀಮಾಂಸಕರ ಸಿದ್ಧಾಂತವು ಬೀದಿಯಲ್ಲಿ ಆಚರಣೆಗೆ ಬಂದಿತೆನ್ನಬಹುದು.

ಸವದತ್ತಿಯ ಸೀಮೆಯಲ್ಲಿ ಈ ಪರಂಪರೆಯು ಮನೆಮನೆಯ ಹಬ್ಬವಾಗಿ ಉಳಿದು ಬಂದಿದೆ. ಹೋಳಿಯ ಹುಣ್ಣಿಮೆಗೆ ಮೊದಲೇ ಹುಡುಗರು ಹಲಗೆ ಬಾರಿಸುತ್ತ ಓಣಿಗಳಲ್ಲಿ ತಿರುಗುವರು. ಕುಳ್ಳು ಕಟ್ಟಿಗೆಗಳನ್ನು ಕದ್ದು ತಂದು ಕೂಡಿಹಾಕುವರು. ಅಂದಿನ ಮಟ್ಟಿಗೆ ಈ ಕಳವಿಗೆ ದಂಡವಿಲ್ಲ. ಕಾಮನನ್ನು ಸುಟ್ಟು ಬಾಯಿಬಡಿದುಕೊಂಡು, ಕೆಲವರು ಆ ಬೆಂಕಿಯನ್ನು ಮನೆಗೆ ಒಯ್ದು ಒಲೆ ಹೊತ್ತಿಸುವರು. ಕೌಶಾಂಬಿಯ ರಾಣಿಯು ಅಶೋಕದ ಕೆಳಗೆ ಪೂಜಿಸಿದ ದೇವನೇ ಇಲ್ಲಿ ಓಣಿಯ ನಡುವೆ ಬೂದಿಯಾಗುವನು. ಪೂಜೆಯೂ ದಹನವೂ ಒಂದೇ ಋತುವಿನ ಎರಡು ಮುಖಗಳು. ಹದಿನೈದು ದಿನಗಳ ಮೇಲೆ ಯುಗಾದಿಯು ಬರುವುದು. ಎಣ್ಣೆನೀರು, ಬೇವುಬೆಲ್ಲ, ಹೋಳಿಗೆ, ಸಂಜೆಗೆ ಪಂಚಾಂಗಶ್ರವಣ. ತಾಲೂಕಿನ ಶಿರಸಂಗಿಯಲ್ಲಿ ಕಾಳಮ್ಮನ ಜಾತ್ರೆಯು ನೆರೆಯುವುದೂ ಯುಗಾದಿಯ ಈ ಸಮಯದಲ್ಲಿಯೇ.

ಚೈತ್ರದ ಪೂರ್ಣಿಮೆಯೇ ದವನದ ಹುಣ್ಣಿಮೆ. ಸವದತ್ತಿಯಿಂದ ಸುಮಾರು ೫ ಕಿಲೋಮೀಟರು ದೂರದ ಗುಡ್ಡದ ಮೇಲೆ ರೇಣುಕಾದೇವಿಯ, ಎಂದರೆ ಯಲ್ಲಮ್ಮನ, ಗುಡಿಯಿದೆ. ರಾಯಬಾಗದ ಬೊಮ್ಮಪ್ಪನಾಯಕನು ೧೫೧೪ರಲ್ಲಿ ಇದನ್ನು ಕಟ್ಟಿಸಿದನೆಂದು ಪ್ರತೀತಿಯಿದೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆ, ಪುಷ್ಯದ ಬನದ ಹುಣ್ಣಿಮೆ, ಮಾಘದ ಭಾರತ ಹುಣ್ಣಿಮೆ, ಚೈತ್ರದ ದವನದ ಹುಣ್ಣಿಮೆ ಎಂದು ಈ ಗುಡ್ಡದ ಹುಣ್ಣಿಮೆಗಳು ಪ್ರಸಿದ್ಧವಾಗಿವೆ. ಜಮದಗ್ನಿಯ ಮರಣದಿಂದ ದೇವಿಗೆ ಒದಗಿದ ವೈಧವ್ಯವನ್ನು ಮಾರ್ಗಶಿರದಲ್ಲಿ ಬಳೆ ಒಡೆದು ಸ್ಮರಿಸುವರು. ಪತಿಯು ಮರಳಿ ಜೀವಿಸಿದುದನ್ನು ಮಾಘದಲ್ಲಿ ಬಳೆ ಇಟ್ಟುಕೊಂಡು ಕೊಂಡಾಡುವರು. ಚಳಿಯೊಡನೆ ಮೊದಲಾದ ಶೋಕವು ಹೀಗೆ ಕಳೆದು, ವಸಂತದ ಹುಣ್ಣಿಮೆಗೆ ದೇವಿಯ ಸನ್ನಿಧಿಯಲ್ಲಿ ದವನದ ಕಂಪು ಹರಡುವುದು. ಶಾಸನಗಳ ಚೈತ್ರವು ಪೂರ್ತಿಯಾಗಿ ಅಳಿದುಹೋಗಿಲ್ಲ. ಅದು ಪಂಡಿತರ ಭಾಷೆಯಿಂದ ಇಳಿದು ರೈತರ ಬಾಯಿಯಲ್ಲಿ ದವನದ ಹುಣ್ಣಿಮೆಯಾಗಿ ನಿಂತಿದೆ.

ಈ ಹುಣ್ಣಿಮೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಬರುವರು. ಹಿಂದೆ ಚಕ್ಕಡಿಗಳ ಸಾಲೇ ಸಾಲು; ಇಂದು ಬಸ್ಸು ಟ್ರ್ಯಾಕ್ಟರುಗಳು ಬಂದಿದ್ದರೂ ಎತ್ತಿನ ಗಾಡಿಯನ್ನು ಬಿಡದ ಮನೆತನಗಳುಂಟು. ಜೋಗುಳಬಾವಿಯಲ್ಲಿ ಸ್ನಾನಮಾಡಿ, ಗುಡ್ಡವನ್ನೇರಿ, ಎಣ್ಣೆಹೊಂಡದ ನೀರನ್ನು ತಲೆಗೆ ತಳಿದುಕೊಂಡು, 'ಉಧೋ ಉಧೋ' ಎಂದು ಕೂಗುತ್ತ ಬಂಡಾರವನ್ನು ಹಾರಿಸುವರು. ಬಯಲಿನಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿ, ಹೋಳಿಗೆ ಕಡಬುಗಳಿಂದ ಪಡ್ಡಲಗಿ ತುಂಬಿಸಿ, ಮೊದಲು ದೇವಿಗೆ, ತರುವಾಯ ಪರರಿಗೆ, ಕಡೆಗೆ ತಮಗೆ ಎಂದು ಉಣ್ಣುವರು. ಚೌಡಿಕೆಯ ನಾದವು ರಾತ್ರಿಯೆಲ್ಲ ಕೇಳಿಬರುವುದು. ಕೆಳಗೆ ನವಿಲುತೀರ್ಥದ ಅಣೆಕಟ್ಟಿನಿಂದ ನಿಂತ ಮಲಪ್ರಭೆಯ ರೇಣುಕಾಸಾಗರವು ಬೆಳದಿಂಗಳಿನಲ್ಲಿ ಹೊಳೆಯುವುದು. ಭೂಧರಕ್ರೀಡೆ, ತೋಯಕ್ರೀಡೆ, ಜ್ಯೋತ್ಸ್ನಾಕ್ರೀಡೆಗಳೆಂದು ಸೋಮೇಶ್ವರನು ಅರಸರಿಗಾಗಿ ಬರೆದುದನ್ನು ಇಲ್ಲಿ ಒಕ್ಕಲಿಗನ ಕುಟುಂಬವು ಹೆಸರು ತಿಳಿಯದೆಯೇ ಒಂದೇ ರಾತ್ರಿಯಲ್ಲಿ ಅನುಭವಿಸುತ್ತದೆ. ಬಂಡಾರದ ಹಳದಿಯು ಎಲ್ಲರ ಹಣೆಯನ್ನೂ ಒಂದೇ ಬಣ್ಣಕ್ಕೆ ತರುತ್ತದೆ.

ಇಷ್ಟಾದರೂ ಇತಿಹಾಸವನ್ನು ಬರೆಯುವವರು ಬೆಳದಿಂಗಳನ್ನು ಮಾತ್ರ ಬರೆದು ನೆರಳನ್ನು ಬಿಡುವುದು ನ್ಯಾಯವಲ್ಲ. ಎಲ್ಲರ ಹಣೆಯೂ ಹಳದಿಯಾದ ಈ ಗುಡ್ಡದಲ್ಲಿಯೇ, ಬಡತನಕ್ಕೂ ಮೂಢಭಯಕ್ಕೂ ಸಿಕ್ಕಿದ ಕುಟುಂಬಗಳು, ಅವರಲ್ಲಿಯೂ ಹೆಚ್ಚಾಗಿ ದಲಿತ ಕುಟುಂಬಗಳು, ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. ಜಾತ್ರೆಗೆ ಬಂದವರೆಲ್ಲ ಹುಣ್ಣಿಮೆ ಕಳೆದ ಮೇಲೆ ತಮ್ಮ ತಮ್ಮ ಬದುಕಿಗೆ ಮರಳುತ್ತಿದ್ದರು. ಆ ಮಕ್ಕಳಿಗೆ ಮಾತ್ರ ಮರಳುವ ದಾರಿಯಿರಲಿಲ್ಲ. ದೇವಿಯ ಹೆಸರಿನಿಂದ ನಡೆದರೂ ಅದರಿಂದ ಸುಖಪಟ್ಟವರು ಊರಿನ ಉಳ್ಳವರು. ಮುಂಬಯಿ ಪ್ರಾಂತದ ಸರಕಾರವು ೧೯೩೪ರಲ್ಲಿಯೂ, ಕರ್ನಾಟಕ ಸರಕಾರವು ೧೯೮೨ರಲ್ಲಿಯೂ ಇದರ ವಿರುದ್ಧ ಕಾನೂನು ಮಾಡಿದುವು. ಆದರೂ ೧೯೯೩-೯೪ ಹಾಗೂ ೨೦೦೭-೦೮ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು ೪೬,೬೬೦ ದೇವದಾಸಿಯರನ್ನು ಗುರುತಿಸಲಾಯಿತು. ಸರ್ವಸಾಧಾರಣವೆಂದು ಶಾಸ್ತ್ರವು ಹೇಳಿದ ವಸಂತವು ಇಷ್ಟು ಮಂದಿಯನ್ನು ಹೊರಗಿಟ್ಟಿದ್ದಿತು.

ಈ ಕೊರತೆಯನ್ನು ತುಂಬುವ ಕಾರ್ಯವನ್ನು ಆ ಸ್ತ್ರೀಯರೇ ಕೈಗೆತ್ತಿಕೊಂಡುದು ಬೆಳಗಾವಿ ಜಿಲ್ಲೆಯ ಇತಿಹಾಸದಲ್ಲಿ ಅಭಿಮಾನದಿಂದ ಬರೆಯತಕ್ಕ ಸಂಗತಿ. ೧೯೯೭ರಲ್ಲಿ ಸ್ಥಾಪಿತವಾದ 'ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ'ಯು ಮಾಜಿ ದೇವದಾಸಿಯರದೇ ಸಂಸ್ಥೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ ೨೦೧೮ರಲ್ಲಿ ಭಾರತ ಸರಕಾರವು ಪದ್ಮಶ್ರೀಯನ್ನಿತ್ತು ಗೌರವಿಸಿತು. ಮುತ್ತು ಕಟ್ಟಿಸಿಕೊಂಡವರೇ, ಇನ್ನೊಂದು ಮಗುವಿಗೆ ಮುತ್ತು ಕಟ್ಟಗೊಡೆವೆಂದು ನಿಂತರು. ಕಾನೂನು ಹೇಳಿದರೂ ಕೇಳದ ಮನೆಗಳಿಗೆ ಇವರ ಮಾತು ಮುಟ್ಟಿತು.

ದತ್ತಿಯ ಅರ್ಥವು ಕಾಲಕ್ಕೆ ತಕ್ಕಂತೆ ಬದಲಾಗಬಲ್ಲದೆಂಬುದಕ್ಕೆ ಇದೇ ತಾಲೂಕಿನಲ್ಲಿ ಇನ್ನೊಂದು ನಿದರ್ಶನವಿದೆ. ೧೮೬೧ರಲ್ಲಿ ಜನಿಸಿ ೧೯೦೬ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬಿಟ್ಟುಕೊಟ್ಟರು. ತ್ಯಾಗವೀರರೆಂಬ ಹೆಸರು ಅವರಿಗೆ ಅದರಿಂದಲೇ ಬಂದಿತು. ಶಾಂತಿವರ್ಮನು ಬಸದಿಗೆ ಭೂಮಿಯನ್ನು ಬಿಟ್ಟನು; ಮುಂದಿನವರು ಚೈತ್ರಪವಿತ್ರಕ್ಕೆ ಬಿಟ್ಟರು; ಲಿಂಗರಾಜರು ವಿದ್ಯೆಗೆ ಬಿಟ್ಟರು. ಭೂಮಿಯನ್ನು ಬಿಡುವ ಕೈಯು ಒಂದೇ ಪರಂಪರೆಯದು. ಕಾಲದ ಅವಶ್ಯಕತೆಯು ಮಾತ್ರ ಬೇರೆ.

ದವನದ ಹುಣ್ಣಿಮೆಯ ದಿನ ಗುಡ್ಡಕ್ಕೆ ಹೋಗುವ ವಿದ್ಯಾವಂತ ಕುಟುಂಬಗಳು ಈ ಪರಂಪರೆಯನ್ನು ನೆನೆಯುವುದು ಉಚಿತ. ಮಕ್ಕಳಿಗೆ ದವನದ ಎಲೆಯನ್ನು ಮೂಸಿಸಿ, ಎಂಟುನೂರು ವರ್ಷಗಳ ಹಿಂದಿನ ಕಲ್ಲುಗಳಲ್ಲಿಯೂ ಈ ಪರ್ವದ ಹೆಸರಿದೆಯೆಂದು ತಿಳಿಸಬೇಕು. ಊರಿನೊಳಗಿನ ಅಂಕಲೇಶ್ವರ, ಪುರದೇಶ್ವರ ಗುಡಿಗಳನ್ನೂ ತೋರಿಸಬೇಕು. ಪಡ್ಡಲಗಿಯಲ್ಲಿ ಪರರಿಗೆ ಎತ್ತಿಡುವ ಪಾಲಿನಲ್ಲಿ, ಆ ಗುಡ್ಡದ ನೆರಳಿನಲ್ಲಿ ಬಾಳಿದ ತಾಯಂದಿರ ಮಕ್ಕಳ ಓದಿಗೂ ಒಂದಿಷ್ಟು ಸಲ್ಲುವಂತೆ ಮಾಡಬೇಕು. ಹಿಂದಿನವರು ಚೈತ್ರಕ್ಕೆಂದು ಹೊಲವನ್ನೇ ಬಿಟ್ಟಿದ್ದರು. ಇಂದಿನವರಿಗೆ ಅಷ್ಟು ಕಷ್ಟವಿಲ್ಲ. ಸುಗಂಧವರ್ತಿಯ ಚೈತ್ರವು ಯಾರನ್ನೂ ಹೊರಗಿಡದೆ ಸರ್ವರದೂ ಆಗಲಿ. ಹೋಲಾಕಾಧಿಕರಣದ ಹಳೆಯ ತೀರ್ಪು ಈ ಗುಡ್ಡದ ಮೇಲೆಯೂ ಪೂರ್ಣವಾಗಿ ನೆರವೇರಲಿ.